ಗುಂಯ್ ಅನ್ನುವ ಪಿಕಪ್ಪಿಗೆ ಯಾಕಿಷ್ಟು ಅಭಿಮಾನಿಗಳು?

ಪ್ರಶ್ನೆ: ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ನಮ್ಮದು ಐದು ಜನರ ಬ್ಯಾಂಡ್. ನನ್ನ ಹತ್ತಿರ ಲೆಸ್ ಪಾಲ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಇದೆ. ತಂತಿಯ ಕುಣಿತವನ್ನು ಕರೆಂಟಾಗಿಸುವ ಪಿಕಪ್ ಅದರಲ್ಲಿ ಎರಡಿವೆ, ಎರಡೂ ಹಂಬಕರ್, ಅಂದರೆ ಎರಡೆರಡು ಕಾಯಿಲ್ (ವೈರಿನ ಸುರುಳಿ) ಇರುವಂಥವು. ಮನೆಯಲ್ಲಿ ನುಡಿಸಿದರೆ ಚೆನ್ನಾಗಿದೆ. ಕೀಬೋರ್ಡ್, ಬೇಸ್ ಜೊತೆ ಸೇರಿದ ಕೂಡಲೇ ಕಾರ್ಡುಗಳೆಲ್ಲ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳೆಲ್ಲ ಮುದ್ದೆಯಾಗುತ್ತವೆ. ಪಿ-90 ಪಿಕಪ್ ಹಾಕಿಸು ಅಂತ ಗೆಳೆಯರು ಹೇಳುತ್ತಾರೆ. ಚೆನ್ನಾಗಿ ಕೇಳಿಸುತ್ತದೆ, ಆದರೆ ಸಿಂಗಲ್ ಕಾಯಿಲ್ (ಒಂದೇ ಸುರುಳಿ) ಆದ್ದರಿಂದ ಗುಂಯ್ ಅನ್ನುತ್ತದಂತೆ. ಇಷ್ಟು ಹಳೆಯ ಪಿಕಪ್ಪಿಗೆ ಜನ ಈಗಲೂ ಯಾಕೆ ಜೀವ ಬಿಡುತ್ತಾರೆ? ನಾನೂ ಹಾಕಿಸಲಾ?

ಉತ್ತರ:

ಹಾಕಿಸಿ. ಆದರೆ ಎರಡೂ ಕಡೆ ಬೇಡ, ಒಂದೇ ಕಡೆ ಸಾಕು. ಯಾವ ಕಡೆ ಅಂತ ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು ‘ಚೆನ್ನಾಗಿ ಕೇಳಿಸುತ್ತದೆ, ಆದರೆ ಗುಂಯ್ ಅನ್ನುತ್ತದೆ’ ಅಂತ ಬರೆದಿದ್ದೀರಲ್ಲ, ಆ ‘ಆದರೆ’ ತೆಗೆದುಬಿಡಿ. ಎರಡಕ್ಕೂ ಕಾರಣ ಒಂದೇ. ಪಿ-90 ಏನನ್ನೂ ಮುಚ್ಚಿಡುವುದಿಲ್ಲ. ನಿಮ್ಮ ಬೆರಳು ಮಾಡಿದ್ದನ್ನೂ ಹೇಳುತ್ತದೆ, ಪಕ್ಕದ ಟ್ಯೂಬ್‌ಲೈಟ್ ಮಾಡಿದ್ದನ್ನೂ ಹೇಳುತ್ತದೆ.

ಮೊನ್ನೆ ರಿಪೇರಿಗೆ ಬಂದ ಒಂದು ಪಿ-90 ಈಗ ನನ್ನ ಮೇಜಿನ ಮೇಲೇ ಬಿಚ್ಚಿಕೊಂಡು ಬಿದ್ದಿದೆ. ಅದನ್ನು ನೋಡಿಕೊಂಡೇ ಹೇಳುತ್ತೇನೆ. ಮೇಲೆ ಕೆನೆ ಬಣ್ಣದ ಪ್ಲಾಸ್ಟಿಕ್ ಮುಚ್ಚಳ. ನೋಡುವುದಕ್ಕೆ ಥೇಟ್ ಸೋಪಿನ ಬಿಲ್ಲೆ. ಅದಕ್ಕೇ ಇದರ ಅಡ್ಡಹೆಸರು ಸೋಪ್‌ಬಾರ್. ಇದರ ಅಣ್ಣನೊಬ್ಬ ಇದ್ದಾನೆ, ಎರಡೂ ಕಡೆ ಮೂಲೆ ಚಾಚಿಕೊಂಡು ಅಲ್ಲಿ ಸ್ಕ್ರೂ ಹಾಕಿರುತ್ತಾರೆ. ಅದು ಡಾಗ್‌ಇಯರ್, ಅಂದರೆ ನಾಯಿ ಕಿವಿ. ಒಳಗಿನ ಸಾಮಾನು ಎರಡರಲ್ಲೂ ಒಂದೇ.

ಮುಚ್ಚಳ ತೆಗೆದರೆ ಒಂದು ಚಪ್ಪಟೆ ಬಾಬಿನ್. ಅಗಲ ಜಾಸ್ತಿ, ಎತ್ತರ ಕಮ್ಮಿ. ಅದರ ಮೇಲೆ ಕೂದಲಿನಷ್ಟು ಸಣ್ಣ ಎನಾಮೆಲ್ ವೈರ್, ಸುಮಾರು 10,000 ಸುತ್ತು. ನಡುವೆ ಆರು ಉಕ್ಕಿನ ಸ್ಕ್ರೂಗಳು, ಒಂದೊಂದು ತಂತಿಗೆ ಒಂದೊಂದು. ಬಾಬಿನ್ ಅಡಿಯಲ್ಲಿ ಸ್ಕ್ರೂಗಳ ಆಚೆ ಈಚೆ ಒಂದೊಂದು ಪಟ್ಟಿ ಅಯಸ್ಕಾಂತ. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್, ಕಬ್ಬಿಣ ಸೇರಿಸಿ ಮಾಡಿದ ಆಲ್ನಿಕೊ ಅದು. ಈ ಎರಡು ಅಯಸ್ಕಾಂತಗಳ ಒಂದೇ ಧ್ರುವ ಒಳಮುಖವಾಗಿ ಸ್ಕ್ರೂಗಳ ಕಡೆ ತಿರುಗಿರಬೇಕು. ಹಾಗೆ ಕೂರಿಸುವಾಗ ಅವು ಒಂದನ್ನೊಂದು ತಳ್ಳುತ್ತವೆ, ಜಗಳವಾಡಿದ ಅಣ್ಣ ತಮ್ಮಂದಿರನ್ನು ಒಂದೇ ಬೆಂಚಿನಲ್ಲಿ ಕೂರಿಸಿದ ಹಾಗೆ. ಕೈ ತಪ್ಪಿ ಒಂದು ತಿರುಗಿ ಕೂತಿತೋ, ಪಿಕಪ್ ಸತ್ತ ಹಾಗೆಯೇ. ಮೇಜಿನ ಮೇಲಿರುವ ಇದರ ಕಾಯಿಲೆಯೂ ಅದೇ. ಯಾರೋ ಕುತೂಹಲಕ್ಕೆ ಬಿಚ್ಚಿ, ಒಂದನ್ನು ತಿರುವಿ ಕೂರಿಸಿದ್ದಾರೆ. ಈ ಅಯಸ್ಕಾಂತದ ವಿಷಯ ನೆನಪಿಟ್ಟುಕೊಳ್ಳಿ, ನಿಮಗೂ ಕೆಲಸಕ್ಕೆ ಬರುತ್ತದೆ.

ಕೆಲಸ ಮಾಡುವ ಬಗೆ ಎಲ್ಲ ಪಿಕಪ್ಪಿಗೂ ಒಂದೇ. ಅಯಸ್ಕಾಂತ ತಂತಿಯನ್ನೂ ಸ್ವಲ್ಪ ಅಯಸ್ಕಾಂತ ಮಾಡುತ್ತದೆ. ತಂತಿ ಕುಣಿದಾಗ ಕಾಯಿಲಿನೊಳಗಿನ ಕಾಂತಕ್ಷೇತ್ರ ಅಲುಗುತ್ತದೆ. ಅಲುಗಿದಾಗ ವೈರಿನಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಎಂಜಿನಿಯರಿಂಗ್ ಓದುವವರಿಗೆ ಫ್ಯಾರಡೆ ಪಾಠ ನಾನು ಮಾಡಬೇಕಾಗಿಲ್ಲ. ಸೈಕಲ್ ಡೈನಮೊ ತಿರುಗುವುದೂ ಇದೇ ಲೆಕ್ಕದಲ್ಲಿ.

ಹಾಗಾದರೆ ಇದಕ್ಕೂ ಸ್ಟ್ರಾಟೊಕ್ಯಾಸ್ಟರ್ (ಸ್ಟ್ರಾಟ್) ಅನ್ನುವ ಗಿಟಾರಿನ ಸಿಂಗಲ್ ಕಾಯಿಲಿಗೂ ಏನು ವ್ಯತ್ಯಾಸ? ಸ್ಟ್ರಾಟಿನಲ್ಲಿ ಸ್ಕ್ರೂ ಇಲ್ಲ. ಆರು ಸಣ್ಣ ಆಲ್ನಿಕೊ ಕಡ್ಡಿಗಳೇ ಕಾಯಿಲಿನ ಮಧ್ಯೆ ನಿಂತಿರುತ್ತವೆ. ಬಾಬಿನ್ ಎತ್ತರ ಮತ್ತು ತೆಳು, ಸುತ್ತು 8,000ದ ಆಸುಪಾಸು. ಪಿ-90ಯಲ್ಲಿ ಸುತ್ತು ಜಾಸ್ತಿ. ಮಧ್ಯೆ ಇರುವುದು ಉಕ್ಕು, ಆಲ್ನಿಕೊಗಿಂತ ಅದು ಕಾಂತಕ್ಷೇತ್ರವನ್ನು ಸಲೀಸಾಗಿ ಹಾಯಿಸುತ್ತದೆ. ಎರಡೂ ಸೇರಿ ಇಂಡಕ್ಟೆನ್ಸ್, ಅಂದರೆ ಕರೆಂಟ್ ಬದಲಾಗುವುದಕ್ಕೆ ಕಾಯಿಲ್ ಒಡ್ಡುವ ತಡೆ, ಏರುತ್ತದೆ. ಇಂಡಕ್ಟೆನ್ಸ್ ಏರಿದರೆ, ಆ ಕಾಯಿಲ್ ಮತ್ತು ನಿಮ್ಮ ಕೇಬಲ್ ಸೇರಿ ಯಾವ ಸ್ವರಗಳನ್ನು ಎತ್ತಿ ಹಿಡಿಯುತ್ತವೋ ಆ ಜಾಗ ಕೆಳಕ್ಕೆ ಜಾರುತ್ತದೆ. ಸ್ಟ್ರಾಟಿನಲ್ಲಿ ಗಾಜಿನ ಲೋಟಕ್ಕೆ ಚಮಚ ತಾಗಿದ ಹಾಗಿದ್ದ ಹೊಳಪು, ಇಲ್ಲಿ ಗಂಟಲಿಗೆ ಇಳಿಯುತ್ತದೆ.

‘ಅಗಲ ಕಾಯಿಲ್ ತಂತಿಯ ಜಾಸ್ತಿ ಉದ್ದವನ್ನು ಕೇಳಿಸಿಕೊಳ್ಳುತ್ತದೆ, ಅದಕ್ಕೇ ದಪ್ಪ’ ಅಂತ ಒಂದು ಮಾತಿದೆ. ನಾನೂ ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ಓಡಾಡಿದ್ದೆ. ನಿಜಕ್ಕೂ ತಂತಿಯ ಎಷ್ಟು ಭಾಗ ಕೇಳಿಸುತ್ತದೆ ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಆ ಸ್ಕ್ರೂ ತಲೆ, ಕಾಯಿಲಿನ ಅಗಲ ಅಲ್ಲ. ದಪ್ಪ ಬರುವುದು ಸುತ್ತಿನಿಂದ, ಉಕ್ಕಿನಿಂದ.

ಸುತ್ತಿನ ಮಾತು ಬಂತು ಅಂತ ನನ್ನ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಮೊದಲ ಸಲ ಪಿ-90 ರಿವೈಂಡ್ ಮಾಡಲು ಹೊರಟಾಗ ಹಳೇ ಪಿ.ಬಿ. ರಸ್ತೆ ಕಡೆಯ ಮೋಟಾರ್ ರಿವೈಂಡಿಂಗ್ ಅಂಗಡಿಯೊಂದಕ್ಕೆ ಹೋದೆ. ಬೋರ್‌ವೆಲ್ ಮೋಟಾರುಗಳ ನಡುವೆ ಜಾಗ ಮಾಡಿಕೊಂಡು, ಫ್ಯಾನ್ ಕಾಯಿಲ್ ಸುತ್ತುವ ಕೈಯಂತ್ರ ಇಟ್ಟುಕೊಂಡೆ. ಸುತ್ತು ಎಣಿಸುವ ಮೀಟರ್ ಅದರಲ್ಲೇ ಇರುತ್ತದೆ. ‘42 ಗೇಜ್ ವೈರ್ ಕೊಡಿ’ ಅಂದೆ. ಕೊಟ್ಟರು. ಸುತ್ತುತ್ತಾ ಹೋದೆ. ಮೀಟರಿನಲ್ಲಿ 4,000 ದಾಟುವಷ್ಟರಲ್ಲಿ ಬಾಬಿನ್ ತುಂಬಿ ವೈರ್ ಅಂಚಿನಿಂದ ಆಚೆ ಬೀಳತೊಡಗಿತು. ಮಲ್ಟಿಮೀಟರ್ ಇಟ್ಟರೆ 8 ಕಿಲೋ ಓಮ್ ಬರಬೇಕಾದ ಕಡೆ ಒಂದು ಚಿಲ್ಲರೆ. ಅಂಗಡಿಯವರ ತಪ್ಪು ಏನೂ ಇಲ್ಲ. ನಮ್ಮಲ್ಲಿ ಗೇಜ್ ಅಂದರೆ ಬ್ರಿಟಿಷ್ ಲೆಕ್ಕ, ಅದರಲ್ಲಿ 42 ಅಂದರೆ 0.1 ಮಿ.ಮೀ. ದಪ್ಪ. ಗಿಟಾರಿನವರು ಹೇಳುವ 42 ಅಮೆರಿಕದ ಲೆಕ್ಕ, 0.063 ಮಿ.ಮೀ. ಸುಮಾರು. ಬ್ರಿಟಿಷ್ ಲೆಕ್ಕದಲ್ಲಿ ಅದಕ್ಕೆ ಹತ್ತಿರ ಬರುವುದು 46. ನಾನು ಒದ್ದಾಡುವುದನ್ನು ನೋಡಿ ಅಂಗಡಿಯ ಹಿರಿಯರು, ‘ಯಾವ ಪಂಪಿಂದು ತಮ್ಮಾ ಇದು, ಎಷ್ಟು ಹೆಚ್‌ಪಿ?’ ಅಂತ ಕೇಳಿದ್ದು ಇವತ್ತಿಗೂ ಮರೆತಿಲ್ಲ.

ಇನ್ನೊಂದು ಮಾತು. ಪಿಕಪ್ ಕೊಳ್ಳುವಾಗ ಜನ ಈ ಓಮ್ ಲೆಕ್ಕವನ್ನೇ ಹಿಡಿದು ಕೂರುತ್ತಾರೆ. ಇದು 7.5, ಅದು 9, ಆದ್ದರಿಂದ ಅದೇ ಜೋರು ಅಂತ. ಓಮ್ ನೋಡಿ ಪಿಕಪ್ ಆರಿಸುವುದು ತೂಕ ನೋಡಿ ಪುಸ್ತಕ ಕೊಂಡ ಹಾಗೆ. ವೈರ್ ಸಣ್ಣದಾದರೂ ಓಮ್ ಏರುತ್ತದೆ. ಬಿಸಿಲು ಜಾಸ್ತಿಯಾದರೂ ಏರುತ್ತದೆ! ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಶೇಕಡಾ 0.4ರಷ್ಟು ಹೆಚ್ಚುತ್ತದೆ. ಡಿಸೆಂಬರ್ ಬೆಳಗ್ಗೆ ನನ್ನ ಮೇಜಿನ ಮೇಲೆ 8 ಕಿಲೋ ಓಮ್ ತೋರಿಸುವ ಪಿಕಪ್, ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ ಎಂಟೂವರೆ ತೋರಿಸುತ್ತದೆ. ಸ್ವರ ಮಾತ್ರ ಅದೇ. ಓಮ್ ಅಳೆಯುವುದು ಕಾಯಿಲ್ ಬದುಕಿದೆಯೋ ಸತ್ತಿದೆಯೋ ತಿಳಿಯಲಿಕ್ಕೆ, ಅಷ್ಟೇ.

ಈಗ ನಿಮ್ಮ ಮುದ್ದೆಯ ವಿಷಯಕ್ಕೆ ಬರೋಣ.

ಹಂಬಕರಿನಲ್ಲಿ ಎರಡು ಕಾಯಿಲ್. ಅಂದರೆ ಅದು ತಂತಿಯನ್ನು ಅಕ್ಕಪಕ್ಕದ ಎರಡು ಜಾಗದಲ್ಲಿ ಕೇಳಿಸಿಕೊಳ್ಳುತ್ತದೆ. ತಂತಿಯ ಸಣ್ಣ ಸಣ್ಣ ಅಲೆಗಳು ಒಂದು ಕಾಯಿಲಿನ ಮೇಲೆ ಏರುವಾಗ ಇನ್ನೊಂದರ ಮೇಲೆ ಇಳಿಯುತ್ತಿರುತ್ತವೆ. ಎರಡನ್ನೂ ಕೂಡಿಸಿದಾಗ ಅವು ಒಂದನ್ನೊಂದು ತಿಂದುಹಾಕುತ್ತವೆ. ಮೇಲಿನ ಸ್ವರಗಳು ಹೀಗೆ ಕರಗಿ ಹೋಗುವುದರಿಂದಲೇ ಹಂಬಕರಿಗೆ ಆ ನಯ, ಆ ದಪ್ಪ. ಒಬ್ಬರೇ ಕೂತು ನುಡಿಸಿದಾಗ ಅದು ತುಂಬ ಹಿತ. ಬ್ಯಾಂಡಿನಲ್ಲಿ ಕೀಬೋರ್ಡಿನ ಎಡಗೈ, ಬೇಸ್ ಗಿಟಾರ್, ಡ್ರಮ್ಮಿನ ಕಿಕ್ ಎಲ್ಲ ಅದೇ ದಪ್ಪದ ಜಾಗದಲ್ಲಿ ಕೂತಿರುತ್ತವೆ. ಅಲ್ಲಿ ನೀವೂ ಹೋಗಿ ಕೂತರೆ ಮುದ್ದೆಯಾಗದೆ ಇನ್ನೇನಾಗುತ್ತದೆ?

ಪಿ-90 ತಂತಿಯನ್ನು ಒಂದೇ ಜಾಗದಲ್ಲಿ ಕೇಳುತ್ತದೆ. ಮೇಲಿನ ಸ್ವರಗಳು ಉಳಿದುಕೊಳ್ಳುತ್ತವೆ. ಸ್ವಲ್ಪ ಡಿಸ್ಟಾರ್ಷನ್ (ಬೇಕೆಂದೇ ಸದ್ದು ಒಡೆಯುವ ಹಾಗೆ ಮಾಡುವುದು) ಹಾಕಿ ಆರು ತಂತಿಯ ಕಾರ್ಡ್ ಎಳೆದರೂ ಒಂದೊಂದು ತಂತಿ ಬೇರೆ ಬೇರೆಯಾಗಿ ಎಣಿಸುವ ಹಾಗೆ ಕೇಳಿಸುತ್ತದೆ. ಅದರ ಜೊತೆಗೆ ಮಧ್ಯದ ಸ್ವರಗಳಲ್ಲಿ ಒಂದು ಒರಟುತನ ಇದೆ. ಇದನ್ನು ಇಂಗ್ಲಿಷ್ ಪತ್ರಿಕೆಗಳು ಗುರುಗುಟ್ಟುವುದು, ಬೊಗಳುವುದು ಅಂತೆಲ್ಲ ವರ್ಣಿಸುತ್ತವೆ. ನನಗೆ ನೆನಪಾಗುವುದು ಕಂಪನಿ ನಾಟಕ. ದಾವಣಗೆರೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಆ ನಟರ ಮಾತು ಹಾರ್ಮೋನಿಯಂ, ತಬಲಾ, ಮಕ್ಕಳ ಗಲಾಟೆ ಎಲ್ಲ ದಾಟಿ ಕೊನೆಯ ಸಾಲಿಗೆ ಮುಟ್ಟಬೇಕಿತ್ತು. ಸುಮ್ನೆ ಕಿರುಚಿದರೆ ಮುಟ್ಟುವುದಿಲ್ಲ. ತೀರಾ ಗಂಭೀರವಾಗಿ ಎದೆಯಿಂದ ಮಾತಾಡಿದರೂ ಮುಟ್ಟುವುದಿಲ್ಲ. ಗಂಟಲಿನ ಮಧ್ಯದಿಂದ, ಸ್ವಲ್ಪ ಒರಟಾಗಿ, ಅಕ್ಷರ ಅಕ್ಷರ ಬಿಡಿಸಿ ಹೇಳಬೇಕು. ಪಿ-90ಯದು ಆ ಗಂಟಲು. ಮನುಷ್ಯನ ಕಿವಿ ಅತಿ ಚುರುಕಾಗಿರುವುದು 2,000ದಿಂದ 5,000 ಹರ್ಟ್ಸ್ ನಡುವೆ. ಪಿ-90 ಎತ್ತಿ ಹಿಡಿಯುವ ಸ್ವರಗಳು ಸರಿಯಾಗಿ ಆ ಬಾಗಿಲಲ್ಲೇ ಬಂದು ನಿಲ್ಲುತ್ತವೆ.

ಆದರೂ ಜನ ಇದಕ್ಕೆ ಜೀವ ಬಿಡುವುದು ಬರೀ ಈ ಗಂಟಲಿಗಲ್ಲ. ಗಂಟಲು ಬೇಕಾದರೆ ಈಕ್ವಲೈಜರ್ ತಿರುಗಿಸಿದರೂ ಸುಮಾರಾಗಿ ಬರುತ್ತದೆ. ನಿಜವಾದ ಗುಟ್ಟು ಕೈಯಲ್ಲಿದೆ.

ಒಂದು ಪ್ರಯೋಗ ಮಾಡಿ. ಪಿ-90 ಇರುವ ಗಿಟಾರ್ ಯಾರದ್ದಾದರೂ ಸಿಕ್ಕರೆ, ಆಂಪ್ಲಿಫೈಯರನ್ನು ಸ್ವಲ್ಪ ಒಡೆಯುವ ಮಟ್ಟಕ್ಕೆ ಇಡಿ. ಪಿಕ್ ಬದಿಗಿಟ್ಟು ಹೆಬ್ಬೆರಳಿನ ಮಾಂಸದಿಂದ ಮೆಲ್ಲಗೆ ನುಡಿಸಿ. ಸ್ವಚ್ಛ, ದುಂಡಗೆ, ಹೆಚ್ಚುಕಮ್ಮಿ ಜಾಝ್ ಗಿಟಾರ್. ಈಗ ಪಿಕ್ ಹಿಡಿದು ಅದೇ ಕಾರ್ಡ್ ಹೊಡೆಯಿರಿ. ಹಲ್ಲು ಕಾಣಿಸುತ್ತದೆ. ಗಿಟಾರಿನ ವಾಲ್ಯೂಮ್ 10ರಿಂದ 6ಕ್ಕೆ ಇಳಿಸಿ, ಒಡಕು ಹೋಗಿ ಮತ್ತೆ ಸ್ವಚ್ಛ. ಪೆಡಲ್ ಒತ್ತಲಿಲ್ಲ, ಚಾನೆಲ್ ಬದಲಿಸಲಿಲ್ಲ. ಮೆಲ್ಲಗೆ ಮತ್ತು ಜೋರು, ಇವೆರಡರ ನಡುವೆ ಎಷ್ಟು ಮೆಟ್ಟಿಲು ಇದೆ ಅನ್ನುವುದು ಗೊತ್ತಾಗುವುದು ಆಗ. ಜೋರು ಹಂಬಕರಿನಲ್ಲಿ ಈ ಮೆಟ್ಟಿಲುಗಳು ಒಂದರ ಮೇಲೊಂದು ಕುಸಿದಿರುತ್ತವೆ. ಸ್ಟ್ರಾಟಿನಲ್ಲಿ ಮೆಟ್ಟಿಲು ಇದೆ, ಆದರೆ ಜೋರಿನ ತುದಿಯಲ್ಲಿ ಇಷ್ಟು ಮೈ ಇಲ್ಲ.

ಇದಕ್ಕೆ ಬೆಲೆಯೂ ಇದೆ. ಕೈ ಸರಿಯಿಲ್ಲದಿದ್ದರೆ ಅದನ್ನೂ ಅಷ್ಟೇ ಜೋರಾಗಿ ಹೇಳುತ್ತದೆ. ಪಿ-90 ಹಾಕಿಸಿಕೊಂಡು ಹೋದ ಹುಡುಗರಲ್ಲಿ ಕೆಲವರು ವಾರ ಬಿಟ್ಟು ಬಂದು ‘ಅಣ್ಣಾ, ಪಿಕಪ್ಪಿನಲ್ಲಿ ಏನೋ ತೊಂದರೆ’ ಅಂತಾರೆ. ತೊಂದರೆ ಎಡಗೈಯ ಉಂಗುರ ಬೆರಳಿನಲ್ಲಿ ಇರುತ್ತದೆ. ಫೋನಿನಲ್ಲಿ ಹೋಲಿಕೆ ವಿಡಿಯೊ ನೋಡಿ ಪಿಕಪ್ ತೀರ್ಮಾನ ಮಾಡಬೇಡಿ ಅನ್ನುವುದೂ ಇದಕ್ಕೇ. ಆ ವಿಡಿಯೊಗಳ ಶಬ್ದವನ್ನು ಹಿಂಡಿ ಒಂದೇ ಮಟ್ಟಕ್ಕೆ ತಂದಿರುತ್ತಾರೆ. ಮೆಟ್ಟಿಲೇ ಇಲ್ಲದ ಮೇಲೆ ಏನು ಹೋಲಿಸುತ್ತೀರಿ?

ಇತಿಹಾಸವನ್ನು ಬೇಗ ಹೇಳಿ ಮುಗಿಸುತ್ತೇನೆ, ಒಂದು ತಮಾಷೆ ಇದೆ ಅನ್ನುವ ಕಾರಣಕ್ಕೆ. ಎರಡನೇ ಮಹಾಯುದ್ಧ ಮುಗಿದು ಗಿಬ್ಸನ್ ಕಂಪನಿ ಮತ್ತೆ ಗಿಟಾರ್ ಮಾಡಲು ಶುರು ಮಾಡಿದಾಗ, 1946ರ ಸುಮಾರಿಗೆ ಪಿ-90 ಬಂತು. 1952ರಲ್ಲಿ ಮೊದಲ ಲೆಸ್ ಪಾಲ್ ಗಿಟಾರ್ ಬಂದಾಗ ಅದರಲ್ಲಿ ಇದ್ದದ್ದು ಇದೇ. ನಿಮ್ಮ ಗಿಟಾರಿನ ಮುತ್ತಜ್ಜನಿಗೆ ಹಂಬಕರ್ ಇರಲೇ ಇಲ್ಲ ಅಂತಾಯಿತು. ಅದೇ ಕಂಪನಿಯ ಸೆತ್ ಲವರ್ ಅನ್ನುವ ಎಂಜಿನಿಯರ್ ಗುಂಯ್ ಸದ್ದು ನಿಲ್ಲಿಸಲೆಂದೇ 1955ರಲ್ಲಿ ಹಂಬಕರ್ ರೂಪಿಸಿದ. 1957ರಲ್ಲಿ ದೊಡ್ಡ ಗಿಟಾರುಗಳಿಗೆಲ್ಲ ಅದು ಬಂತು. ಪಿ-90 ಹಿಂದಿನ ಬೆಂಚಿಗೆ ಹೋಯಿತು. ಲೆಸ್ ಪಾಲ್ ಜೂನಿಯರ್, ಸ್ಪೆಷಲ್ ಅಂತ ಕಲಿಯುವವರಿಗೆ, ಕಮ್ಮಿ ದುಡ್ಡಿನವರಿಗೆ ಮಾಡಿದ ಗಿಟಾರುಗಳಲ್ಲಿ ಉಳಿಯಿತು. ಜೂನಿಯರ್ ಅಂತೂ ಒಂದೇ ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್. ಕೈಯಲ್ಲಿ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಿಂದಿನ ಬೆಂಚಿನವರು ಏನು ಮಾಡಿದರು ನೋಡಿ. 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಕಾರ್ಲೋಸ್ ಸಂತಾನ, ದಿ ಹೂ ತಂಡದ ಪೀಟ್ ಟೌನ್‌ಶೆಂಡ್ ಇಬ್ಬರ ಕೈಯಲ್ಲೂ ಇದ್ದದ್ದು ಪಿ-90 ಇರುವ ಗಿಬ್ಸನ್ ಗಿಟಾರ್ ಎಸ್‌ಜಿ ಸ್ಪೆಷಲ್. ಅದೇ ವರ್ಷ ಜನವರಿಯಲ್ಲಿ ಲಂಡನ್ನಿನ ಕಟ್ಟಡವೊಂದರ ತಾರಸಿ ಮೇಲೆ ಬೀಟಲ್ಸ್ ನುಡಿಸಿದಾಗ ಜಾನ್ ಲೆನನ್ ಹಿಡಿದಿದ್ದ ಎಪಿಫೋನ್ ಕ್ಯಾಸಿನೊದಲ್ಲೂ ಎರಡು ಪಿ-90. ಬ್ಲ್ಯಾಕ್ ಸಬಾತ್ ತಂಡದ ಟೋನಿ ಅಯೋಮಿಯದು ಇನ್ನೂ ಚೆಂದದ ಕಥೆ. ಆತ ಬರ್ಮಿಂಗ್‌ಹ್ಯಾಮಿನ ತಗಡು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ ಯಂತ್ರಕ್ಕೆ ಎರಡು ಬೆರಳ ತುದಿ ಕಳೆದುಕೊಂಡವನು. ಮೊದಲ ಆಲ್ಬಮ್ ರೆಕಾರ್ಡ್ ಮಾಡುವಾಗ ಅವನ ಸ್ಟ್ರಾಟಿನ ಪಿಕಪ್ ಕೈಕೊಟ್ಟಿತು. ಬದಲಿಗೆ ಇಟ್ಟುಕೊಂಡಿದ್ದ ಪಿ-90ಯ ಎಸ್‌ಜಿ ಎತ್ತಿಕೊಂಡ. ಹೆವಿ ಮೆಟಲ್ ಅಂದರೆ ಹಂಬಕರ್ ಅಂತ ವಾದ ಮಾಡುವ ಹುಡುಗರಿಗೆ ನಾನು ಈ ಕಥೆ ಹೇಳುತ್ತೇನೆ. ಹತ್ತಿ ಮಿಲ್ಲುಗಳ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ಕಾರ್ಖಾನೆ ಹುಡುಗನ ಕಥೆ ಸ್ವಲ್ಪ ಜಾಸ್ತಿಯೇ ತಟ್ಟುತ್ತದೆ ಅನ್ನಿ.

ಸರಿ, ಗುಂಯ್.

ಕಾಯಿಲ್ ಅಂದರೆ ಆಂಟೆನಾ. ತಂತಿಯ ಅಲುಗಾಟ ಹಿಡಿಯುವ ಹಾಗೆಯೇ ಹತ್ತಿರದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನೂ ಹಿಡಿಯುತ್ತದೆ. ಹಂಬಕರಿನಲ್ಲಿ ಎರಡನೇ ಕಾಯಿಲನ್ನು ಉಲ್ಟಾ ಜೋಡಿಸಿ, ಅದರ ಅಯಸ್ಕಾಂತದ ಮುಖವನ್ನೂ ಉಲ್ಟಾ ಮಾಡಿರುತ್ತಾರೆ. ಹೊರಗಿನ ಸದ್ದು ಕಳೆದು ಹೋಗುತ್ತದೆ, ತಂತಿಯ ಸದ್ದು ಕೂಡುತ್ತದೆ. ಪಿ-90ಗೆ ಆ ಜೊತೆಗಾರ ಇಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಅದರ ದುಪ್ಪಟ್ಟು 100, ಅದೇ ಸ್ವರ ಒಂದು ಸ್ಥಾಯಿ ಮೇಲೆ. ಆರನೇ ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿದರೆ ಬರುವ ಜಿ ಸ್ವರ 98 ಹರ್ಟ್ಸ್. ಅಂದರೆ ನಮ್ಮೂರಿನ ಗುಂಯ್ ಸ್ವಲ್ಪ ಏರುಶ್ರುತಿಯ ಜಿ! ಅಮೆರಿಕದಲ್ಲಿ ಕರೆಂಟ್ 60 ಹರ್ಟ್ಸ್, ಅಲ್ಲಿಯ ಗುಂಯ್ ಎ-ಶಾರ್ಪಿಗೂ ಬಿಗೂ ನಡುವೆ ಎಲ್ಲೋ ತೂಗಾಡುತ್ತದೆ. ಜಿ ಮೇಜರ್ ಹಾಡಾದರೆ ನಮಗೆ ತಂಬೂರಿ ಪುಕ್ಕಟೆ.

ತಮಾಷೆ ಬಿಡಿ, ಈ ಸದ್ದಿನಲ್ಲಿ ಎರಡು ಜಾತಿ ಇದೆ. ಎರಡಕ್ಕೂ ಮದ್ದು ಬೇರೆ. ಒಂದು ದಪ್ಪನೆಯ ಗುಂಯ್, ಟ್ರಾನ್ಸ್‌ಫಾರ್ಮರ್, ಫ್ಯಾನ್ ಮೋಟಾರುಗಳ ಕಾಂತಕ್ಷೇತ್ರದಿಂದ ಬರುವಂಥದ್ದು. ಇದನ್ನು ತಾಮ್ರದ ಹಾಳೆ ತಡೆಯುವುದಿಲ್ಲ. ಇದಕ್ಕೆ ಇರುವ ಮದ್ದು ದೂರ ಮತ್ತು ದಿಕ್ಕು. ಆಂಪ್ಲಿಫೈಯರಿನಿಂದ ಎರಡು ಹೆಜ್ಜೆ ದೂರ ಹೋಗಿ, ನಿಂತಲ್ಲೇ ನಿಧಾನ ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಹೆಚ್ಚುಕಮ್ಮಿ ಮಾಯವಾಗುತ್ತದೆ. ಇನ್ನೊಂದು ಜರ್ರ್ ಅನ್ನುವ ಸದ್ದು. ಎಲ್‌ಇಡಿ ಬಲ್ಬಿನ ಡ್ರೈವರ್, ಫ್ಯಾನ್ ರೆಗ್ಯುಲೇಟರ್, ಮಿನುಗುವ ಸೀರಿಯಲ್ ಸೆಟ್ ಇವುಗಳಿಂದ ಬರುತ್ತದೆ. ಕರೆಂಟ್ ಹೋಗಿ ಅಗ್ಗದ ಇನ್ವರ್ಟರ್ ಮೇಲೆ ನಡೆಯುವಾಗ ಕೇಳುವುದೇ ಬೇಡ. ತಂತಿ ಮುಟ್ಟಿದ ಕೂಡಲೇ ಕಮ್ಮಿಯಾದರೆ ಅದು ಈ ಜಾತಿಯದು. ಇದಕ್ಕೆ ತಾಮ್ರದ ಹಾಳೆ ಕೆಲಸ ಮಾಡುತ್ತದೆ. ಪಿಕಪ್ಪಿಗೆ, ಕಂಟ್ರೋಲುಗಳಿಗೆ ಅಂತ ಮರದಲ್ಲಿ ಕೊರೆದ ಗುಂಡಿಗಳೆರಡರ ಒಳಗೂ ಅಂಟಿಸಿ ಗ್ರೌಂಡಿಗೆ ಬೆಸುಗೆ ಹಾಕಬೇಕು. ಅಡುಗೆ ಮನೆಯ ಅಲ್ಯೂಮಿನಿಯಂ ಫಾಯಿಲ್ ತರಬೇಡಿ, ಬೆಸುಗೆ ಹಿಡಿಯುವುದಿಲ್ಲ.

ಈ ಜರ್ರ್ ಒಮ್ಮೆ ನನ್ನ ಮಾನ ಕಳೆದಿದೆ. ಗಣೇಶನ ಹಬ್ಬದ ಆರ್ಕೆಸ್ಟ್ರಾ, ಬಡಾವಣೆಯ ಪೆಂಡಾಲು. ವೇದಿಕೆಯ ಮುಂಭಾಗಕ್ಕೆಲ್ಲ ಓಡುವ ಸೀರಿಯಲ್ ಸೆಟ್ ಕಟ್ಟಿದ್ದರು. ದೀಪ ಎಡಕ್ಕೆ ಓಡಿದರೆ ಜರ್ರ್, ಬಲಕ್ಕೆ ಓಡಿದರೆ ಜುರ್ರ್. ಗಾಯಕಿ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾರೆ. ತಿರುಗಿ ತಿರುಗಿ ನೋಡಿದೆ, ಒಂದೇ ಒಂದು ದಿಕ್ಕಿನಲ್ಲಿ ಸದ್ದು ಕಮ್ಮಿ. ಪೂರ್ತಿ ಕಾರ್ಯಕ್ರಮ ಹಾಗೇ ನಿಂತು ನುಡಿಸಿದೆ. ಆ ದಿಕ್ಕಿಗೆ ನಿಂತರೆ ಮುಂದಿನ ಸಾಲಿನಲ್ಲಿ ಕೂತ ಸಮಿತಿ ಅಧ್ಯಕ್ಷರಿಗೆ ನನ್ನ ಬೆನ್ನು. ಮರುವರ್ಷ ನಮ್ಮನ್ನು ಕರೆಯಲಿಲ್ಲ.

ಪೆಂಡಾಲಿನ ಮಾತಿನಲ್ಲೇ ಒಂದು ಗಂಭೀರ ವಿಷಯ. ಗುಂಯ್ ಜಾಸ್ತಿ ಆಯಿತು ಅಂತ ಆಂಪ್ಲಿಫೈಯರ್ ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರಿದ್ದಾರೆ. ಯಾವತ್ತೂ ಮಾಡಬೇಡಿ. ನಿಮ್ಮ ಗಿಟಾರಿನ ತಂತಿ ಆ ಅರ್ತಿಗೆ ಜೋಡಿಯಾಗಿದೆ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ, ನಡುವೆ ನೀವು. ಆಂಪ್ಲಿಫೈಯರ್ ಒಳಗೆ ಲೀಕ್ ಇದ್ದರೆ ಕರೆಂಟ್ ನಿಮ್ಮ ಮೂಲಕವೇ ಹಾದು ಹೋಗುತ್ತದೆ. ನುಡಿಸುವ ಮೊದಲು ವೈರಿಂಗಿನವರ ಹತ್ತಿರ ಅರ್ತ್ ಎಲ್ಲಿ ಹೂತಿದ್ದೀರಿ ಅಂತ ಕೇಳಿ. ಉತ್ತರ ತಡವಾದರೆ ಅರ್ತ್ ಇಲ್ಲ ಅಂತ ತಿಳಿಯಿರಿ. ಮನೆಯಲ್ಲಾದರೆ ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ಎರಡು ಬಿಂದಿಗೆ ನೀರು ಸುರಿಯಿರಿ. ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಒಯ್ಯುವುದಿಲ್ಲ.

ನಾಯ್ಸ್ ಗೇಟ್ ಪೆಡಲ್ ಬೇಕಾ ಅಂತ ಕೇಳುವವರಿದ್ದಾರೆ. ಅದು ನೀವು ಸುಮ್ಮನಿದ್ದಾಗ ಮಾತ್ರ ಬಾಗಿಲು ಹಾಕುತ್ತದೆ. ನುಡಿಸುವಾಗ ಗುಂಯ್ ಜೊತೆಗೇ ಒಳಗೆ ಬರುತ್ತದೆ. ಆಗ ಅದು ಕಿವಿಗೆ ಬೀಳುವುದೂ ಇಲ್ಲ ಅನ್ನಿ.

ಈಗ ನಿಮ್ಮ ಗಿಟಾರ್. ಖರ್ಚಿಲ್ಲದ ಕೆಲಸ ಮೊದಲು. ಹಂಬಕರಿನ ಎರಡು ಬದಿಯ ಸ್ಕ್ರೂ ತಿರುಗಿಸಿ ಒಂದು ಮಿಲಿಮೀಟರ್ ಕೆಳಗಿಳಿಸಿ. ಆಂಪ್ಲಿಫೈಯರಿನಲ್ಲಿ ಬೇಸ್ ಅರ್ಧಕ್ಕೆ ತನ್ನಿ. ಮನೆಯಲ್ಲಿ ತೆಳು ಅನ್ನಿಸುತ್ತದೆ, ಬ್ಯಾಂಡಿನಲ್ಲಿ ಸರಿಹೋಗುತ್ತದೆ. ಕೀಬೋರ್ಡ್ ಗೆಳೆಯನಿಗೆ ಎಡಗೈ ಸ್ವಲ್ಪ ಕಮ್ಮಿ ಮಾಡು ಅಂತ ಹೇಳಿ. ಹೇಳಿದರೆ ಕೇಳುವುದಿಲ್ಲ, ಗೊತ್ತು, ಆದರೂ ಹೇಳಿ. ಮುದ್ದೆಯಲ್ಲಿ ಅರ್ಧ ಇಷ್ಟರಲ್ಲೇ ಕರಗಬಹುದು.

ಆಮೇಲೂ ಪಿ-90 ಬೇಕು ಅನ್ನಿಸಿದರೆ ನೆಕ್ ಕಡೆ, ಅಂದರೆ ಗಿಟಾರಿನ ಕತ್ತಿನ ಬದಿಗೆ ಹಾಕಿಸಿ. ಮುದ್ದೆ ಜಾಸ್ತಿ ಆಗುವುದು ಅಲ್ಲೇ. ತಂತಿ ಅಲ್ಲಿ ಅಗಲವಾಗಿ ಕುಣಿಯುತ್ತದೆ, ಅದರ ಮೇಲೆ ಹಂಬಕರಿನ ದಪ್ಪ ಬೇರೆ. ಬ್ರಿಜ್ ಕಡೆ, ಅಂದರೆ ತಂತಿಗಳು ಗಿಟಾರಿನ ಮೈಮೇಲೆ ಕೂರುವ ಬದಿಗೆ ಹಂಬಕರ್ ಇರಲಿ, ಪೆಂಡಾಲಿನಲ್ಲಿ ಸೀರಿಯಲ್ ಸೆಟ್ ಎದುರಾದಾಗ ಸ್ವಿಚ್ ಅತ್ತ ತಳ್ಳಿದರಾಯಿತು. ಮರ ಕೊರೆಯಬೇಡಿ. ಹಂಬಕರ್ ಅಳತೆಯ ಮುಚ್ಚಳದಲ್ಲೇ ಕೂರುವ ಪಿ-90 ಸಿಗುತ್ತದೆ, ಅದೇ ಗುಂಡಿಗೆ, ಅದೇ ಚೌಕಟ್ಟಿಗೆ ಹಿಡಿಯುತ್ತದೆ. ಬಾಬಿನ್ ಸ್ವಲ್ಪ ಕಿರಿದಾಗುವುದರಿಂದ ಸ್ವರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ, ಬ್ಯಾಂಡಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಗಿಟಾರಿನಲ್ಲಿ 500 ಕಿಲೋ ಓಮ್ ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ಕಂಟ್ರೋಲಿನ ಒಳಭಾಗ) ಇರಬೇಕು, ಅದು ಪಿ-90ಗೂ ಸರಿಯೇ. ಎತ್ತರ ಹೊಂದಿಸುವಾಗ ಕೊನೆಯ ಫ್ರೆಟ್ ಒತ್ತಿ ಹಿಡಿದು, ದಪ್ಪ ತಂತಿಗೂ ಸ್ಕ್ರೂ ತಲೆಗೂ ನಡುವೆ 3 ಮಿ.ಮೀ., ಸಣ್ಣ ತಂತಿಗೆ 2 ಮಿ.ಮೀ. ಇಂದ ಶುರು ಮಾಡಿ. ಆಮೇಲೆ ಯಾವ ತಂತಿ ಹಿಂದೆ ಬಿತ್ತೋ ಅದರ ಸ್ಕ್ರೂ ಮಾತ್ರ ಕಾಲು ಸುತ್ತು ಮೇಲಕ್ಕೆ. ಈ ಒಂದೊಂದು ಸ್ಕ್ರೂ ಅನುಕೂಲವನ್ನು ಜನ ಮರೆತೇಬಿಡುತ್ತಾರೆ.

ಹಾಕಿಸಿದ ದಿನ ಅಂಗಡಿಯಿಂದ ಹೊರಡುವ ಮೊದಲು ಸ್ವಿಚ್ಚನ್ನು ನಡುವೆ ಇಟ್ಟು, ಎರಡೂ ಪಿಕಪ್ ಒಟ್ಟಿಗೆ ಕೇಳಿ. ನೆಗಡಿ ಬಂದ ಮೂಗಿನ ಹಾಗೆ ತೆಳ್ಳಗೆ, ಬೇಸೇ ಇಲ್ಲದೆ ಕೇಳಿಸಿದರೆ ಎರಡು ಪಿಕಪ್ ಎದುರುಬದುರಾಗಿ ಕೆಲಸ ಮಾಡುತ್ತಿವೆ ಅಂತ ಅರ್ಥ. ಎರಡು ವೈರ್ ಬೇರೆ ಬೇರೆ ಹೊರಬಂದಿರುವ ಪಿ-90 ಆದರೆ ಅವನ್ನು ಅದಲು ಬದಲು ಮಾಡಿದರೆ ಮುಗಿಯಿತು. ಮೇಲೆ ಲೋಹದ ಜಾಲರಿ ಹೆಣೆದ ಹಳೇ ಮಾದರಿಯ ವೈರ್ ಆದರೆ ಅದಲು ಬದಲು ಆಗುವುದಿಲ್ಲ, ಆ ಜಾಲರಿಯೇ ಗ್ರೌಂಡ್. ಆಗ ಅಡಿಯ ಸ್ಕ್ರೂ ಬಿಚ್ಚಿ, ಆ ಎರಡು ಅಯಸ್ಕಾಂತ ಹೊರತೆಗೆದು, ಒಂದೊಂದನ್ನೂ ತಿರುವಿ ಕೂರಿಸಬೇಕು. ಎರಡನ್ನೂ. ಒಂದನ್ನೇ ತಿರುವಿದರೆ ನಿಮ್ಮ ಪಿಕಪ್ಪೂ ನನ್ನ ಮೇಜಿಗೇ ಬರುತ್ತದೆ.